ಲಿಸ್ಬನ್‌ಗೆ ಒಬ್ಬರೇ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಪೋರ್ಚುಗಲ್‌ನ ರಾಜಧಾನಿಗೆ ಒಬ್ಬರೇ ಹೋಗಿಬರುವ ಮನಸ್ಸು ಮಾಡಿದವರು ನನ್ನನ್ನು ಕೇಳುವ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಂದೆಡೆ ತಂದಿದ್ದೇನೆ. ನೋಡಬೇಕಾದ ಜಾಗಗಳ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಆ ಊರಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿನ ಜನ, ಆದ್ದರಿಂದ ಉತ್ತರಗಳೂ ಆ ಕಡೆಗೇ ಹೆಚ್ಚು ವಾಲಿವೆ. ದರಗಳೂ ನಿಯಮಗಳೂ ಬದಲಾಗುತ್ತಿರುತ್ತವೆ, ಹೊರಡುವ ಮುನ್ನ ಒಮ್ಮೆ ಖಚಿತಪಡಿಸಿಕೊಳ್ಳಿ.

ಯುರೋಪಿನಲ್ಲಿ ಇಷ್ಟೊಂದು ಊರುಗಳಿರುವಾಗ ಒಬ್ಬರೇ ಹೋಗುವುದಕ್ಕೆ ಲಿಸ್ಬನ್ನೇ ಏಕೆ?

ಅದು ನಡೆದು ನೋಡುವ ಊರು. ಬೈಶ, ಶಿಯಾದು, ಅಲ್ಫಾಮ, ಮೊರಾರಿಯಾ, ಗ್ರಾಸ ಎಂಬ ಹಳೆಯ ಬಡಾವಣೆಗಳು ಒಂದಕ್ಕೊಂದು ಅಂಟಿಕೊಂಡೇ ಇವೆ. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ಭೂಕಂಪ, ಸುನಾಮಿ, ಬೆಂಕಿ ಮೂರೂ ಒಂದರ ಬೆನ್ನಿಗೆ ಒಂದು ಬಂದು ಊರನ್ನು ಹಾಳುಗೆಡವಿದವು. ತಗ್ಗಿನಲ್ಲಿದ್ದ ಬೈಶವನ್ನು, ಮುಂದೆ ಪೊಂಬಾಲ್‌ನ ಮಾರ್ಕ್ವಿಸ್ ಎಂದು ಹೆಸರಾದ ಮಂತ್ರಿ ನೇರವಾದ ಬೀದಿಗಳ ಹೊಸ ಪೇಟೆಯಾಗಿ ಕಟ್ಟಿಸಿದ. ಗುಡ್ಡದ ಮೇಲಿನ ಅಲ್ಫಾಮದ ಬಹುಭಾಗ ಉಳಿದುಕೊಂಡಿತು. ಅಲ್ಲಿನ ಕೆಲವು ಓಣಿಗಳು ಇಂದಿಗೂ ಎಷ್ಟು ಕಿರಿದೆಂದರೆ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಸರಿದು ದಾರಿ ಬಿಡಬೇಕು. ಹಾಗೆ ದಾರಿ ಬಿಟ್ಟಾಗ ಒಂದು ನಮಸ್ಕಾರ, ಒಂದು ನಗು ತಾನಾಗಿ ಬರುತ್ತದೆ. ಒಂಟಿಯಾಗಿ ಹೋದವರಿಗೆ ಇದು ದೊಡ್ಡ ಆಸರೆ.

ಇನ್ನೊಂದು ಕಾರಣವೂ ಇದೆ. ಕೇಪ್ ವರ್ಡಿ, ಗಿನಿ ಬಿಸಾವು, ಅಂಗೋಲ, ಮೊಜಾಂಬಿಕ್, ಬ್ರೆಜಿಲ್, ಗೋವಾ, ಇತ್ತೀಚೆಗೆ ನೇಪಾಳ, ಬಾಂಗ್ಲಾದೇಶ, ಪಂಜಾಬ್ ಹೀಗೆ ನಾನಾ ಕಡೆಯವರು ಅಲ್ಲಿ ಬದುಕು ಕಟ್ಟಿಕೊಂಡಿದ್ದಾರೆ. ನಮ್ಮ ಮುಖ ಅಲ್ಲಿ ಯಾರಿಗೂ ಹೊಸತಲ್ಲ.

ಯಾವ ತಿಂಗಳಲ್ಲಿ ಹೋದರೆ ಒಳ್ಳೆಯದು?

ಏಪ್ರಿಲ್‌ನಿಂದ ಜೂನ್, ಇಲ್ಲವೇ ಸೆಪ್ಟೆಂಬರ್–ಅಕ್ಟೋಬರ್. ನವೆಂಬರ್‌ನಿಂದ ಫೆಬ್ರುವರಿವರೆಗೆ ಮಳೆ. ಸುಣ್ಣಕಲ್ಲಿನ ಸಣ್ಣ ಸಣ್ಣ ತುಂಡುಗಳನ್ನು ಜೋಡಿಸಿದ ಕಾಲುದಾರಿಗಳು ಒದ್ದೆಯಾದರೆ ಕಾಲು ನಿಲ್ಲುವುದಿಲ್ಲ, ಹಿಡಿತವಿರುವ ಬೂಟು ಬೇಕೇ ಬೇಕು. ಚಳಿಗಾಲದಲ್ಲಿ ಹಳೆಯ ಮನೆಗಳ ಒಳಗೆ ಹೊರಗಿಗಿಂತ ಹೆಚ್ಚು ಥಂಡಿ, ಎಷ್ಟೋ ಮನೆಗಳಲ್ಲಿ ಬಿಸಿ ಮಾಡುವ ವ್ಯವಸ್ಥೆಯೇ ಇಲ್ಲ. ಕೋಣೆ ಕಾಯ್ದಿರಿಸುವಾಗ ಇದನ್ನು ಕೇಳಿಕೊಳ್ಳಿ.

ಜನರನ್ನು ಕಾಣಬೇಕೆಂದಿದ್ದರೆ ಎರಡು ದಿನಾಂಕಗಳನ್ನು ಗುರುತು ಹಾಕಿಕೊಳ್ಳಿ. ಒಂದು ಏಪ್ರಿಲ್ 25. ಸುಮಾರು ಅರ್ಧ ಶತಮಾನ ನಡೆದ ಸರ್ವಾಧಿಕಾರವನ್ನು 1974ರ ಆ ದಿನ ಸೈನಿಕರೇ ಕೊನೆಗಾಣಿಸಿದರು. ಸೆಲೆಸ್ತ್ ಕೈಯೆರು ಎಂಬ ಹೋಟೆಲ್ ಕೆಲಸದ ಹೆಂಗಸು, ಸಿಗರೇಟು ಕೇಳಿದ ಸೈನಿಕನಿಗೆ ಕೈಯಲ್ಲಿದ್ದ ಕಾರ್ನೇಷನ್ ಹೂವನ್ನು ಕೊಟ್ಟಳು, ಅವನು ಅದನ್ನು ಬಂದೂಕಿನ ನಳಿಗೆಗೆ ಸಿಕ್ಕಿಸಿಕೊಂಡ. ಆ ಕ್ರಾಂತಿಗೆ ಹೂವಿನ ಹೆಸರೇ ನಿಂತಿತು. ಪ್ರತಿ ವರ್ಷ ಅಂದು ಅವೆನಿದಾ ದ ಲಿಬೆರ್ದಾದ್ ರಸ್ತೆಯಲ್ಲಿ ಮೆರವಣಿಗೆ ಹೊರಡುತ್ತದೆ. ಒಂದು ಕೆಂಪು ಹೂ ಕೊಂಡು ಅದರಲ್ಲಿ ನಡೆಯಿರಿ. ‘ಆ ದಿನ ನೀವು ಎಲ್ಲಿದ್ದಿರಿ?’ ಎಂದು ಪಕ್ಕದಲ್ಲಿ ನಡೆಯುವ ಹಿರಿಯರನ್ನು ಕೇಳಿದರೆ ಸಾಕು, ಮುಂದಿನ ಮಾತೆಲ್ಲ ಅವರದು. ಇನ್ನೊಂದು ಜೂನ್ 12ರ ರಾತ್ರಿ. ಸಂತ ಅಂತೋನಿಯ ಹಬ್ಬಕ್ಕೆ ಅಲ್ಫಾಮದ ಓಣಿ ಓಣಿಯಲ್ಲಿ ಭೂತಾಯಿ ಮೀನು ಸುಡುತ್ತಾರೆ, ಕಾಗದದ ತೋರಣ ಕಟ್ಟುತ್ತಾರೆ. ತುಳಸಿಯ ಬಂಧುವಾದ ಒಂದು ಸಣ್ಣೆಲೆಯ ಗಿಡವನ್ನು ಕುಂಡದಲ್ಲಿ ಕಾಗದದ ಹೂವು, ನಾಲ್ಕು ಸಾಲಿನ ಪದ್ಯದ ಸಮೇತ ಮಾರುತ್ತಾರೆ. ಮೂಗು ಹತ್ತಿರ ಒಯ್ದು ಅದನ್ನು ಮೂಸಬಾರದು. ಅಂಗೈಯನ್ನು ಗಿಡದ ಮೇಲೆ ಮೃದುವಾಗಿ ಸವರಿ, ಆ ಕೈಯನ್ನು ಮೂಸಬೇಕು. ಈ ಪದ್ಧತಿಯನ್ನು ಅಪರಿಚಿತರಿಗೆ ಕಲಿಸುವುದೆಂದರೆ ಅಲ್ಲಿನ ಅಜ್ಜಿಯರಿಗೆ ಬಹಳ ಇಷ್ಟ.

ವೀಸಾಕ್ಕೆ ಒಬ್ಬರೇ ಅರ್ಜಿ ಹಾಕಿದರೆ ತೊಂದರೆಯೇ?

ಇಲ್ಲ. ಬೇಕಾದ್ದು ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ಅಲ್ಪಾವಧಿ ವೀಸಾ. ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ ಇರಬಹುದು. ವಯಸ್ಕರಿಗೆ ಶುಲ್ಕ 90 ಯೂರೊ, ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸ ವಿಮೆ ಕಡ್ಡಾಯ. ಪ್ರಯಾಣಕ್ಕೆ 6 ತಿಂಗಳಿರುವಾಗಿನಿಂದ ಅರ್ಜಿ ಹಾಕಬಹುದು, ಕೊನೆಯ 15 ದಿನಗಳವರೆಗೆ ಕಾಯಬೇಡಿ. ಒಬ್ಬರೇ ಹೋಗುವವರು ದಿನವಾರು ಯೋಜನೆ, ಕಚೇರಿಯ ರಜೆ ಪತ್ರ, ಬ್ಯಾಂಕ್ ವಿವರಗಳನ್ನು ಒಂದಕ್ಕೊಂದು ತಾಳೆಯಾಗುವಂತೆ ಇಟ್ಟರೆ ಸಾಕು.

ಬೆಂಗಳೂರಿನಿಂದ ನೇರ ವಿಮಾನವಿದೆಯೇ? ಇಳಿದ ಮೇಲೆ ಊರಿಗೆ ಹೇಗೆ?

ನೇರ ವಿಮಾನವಿಲ್ಲ, ಕೊಲ್ಲಿ ದೇಶಗಳಲ್ಲೋ ಯುರೋಪಿನ ಇನ್ನೊಂದು ಊರಿನಲ್ಲೋ ಬದಲಿಸಬೇಕು. ಲಿಸ್ಬನ್ ವಿಮಾನ ನಿಲ್ದಾಣ ಊರೊಳಗೇ ಇದೆ. ಅಲ್ಲಿಂದಲೇ ಮೆಟ್ರೊದ ಕೆಂಪು ಮಾರ್ಗ ಹೊರಡುತ್ತದೆ. ಅಲಮೇದ ನಿಲ್ದಾಣದಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿದರೆ ಮಾರ್ತಿಂ ಮೊನಿಜ್, ರೊಸ್ಸಿಯು, ಬೈಶ ಎಲ್ಲವೂ ಸಿಗುತ್ತವೆ. ನಿಲ್ದಾಣದ ಯಂತ್ರದಲ್ಲಿ ‘ನವೆಗಾಂತ್’ ಕಾರ್ಡ್ ಕೊಂಡು ಹಣ ತುಂಬಿಸಿಕೊಳ್ಳಿ, ಟ್ರಾಮ್, ಬಸ್, ದೋಣಿಗೂ ಅದೇ ನಡೆಯುತ್ತದೆ.

ಎಲ್ಲಿ ಉಳಿದುಕೊಳ್ಳಬೇಕು?

ಹಾಸ್ಟೆಲ್ ಅಥವಾ ಮನೆಯವರೇ ನಡೆಸುವ ಸಣ್ಣ ಅತಿಥಿಗೃಹ. ಅರೊಯಿಸ್, ಗ್ರಾಸ, ಕಾಂಪು ದ ಒರಿಕ್ ಕಡೆ ನೋಡಿ. ಇಲ್ಲಿ ಊರಿನವರು ಇನ್ನೂ ವಾಸವಾಗಿದ್ದಾರೆ, ಬೆಳಿಗ್ಗೆ ಬ್ರೆಡ್ ಕೊಳ್ಳಲು ಚಪ್ಪಲಿಯಲ್ಲೇ ಇಳಿದು ಬರುವ ಜನರ ನಡುವೆ ನೀವೂ ಇರುತ್ತೀರಿ.

ಅಲ್ಫಾಮದಲ್ಲಿ ಪ್ರವಾಸಿಗರಿಗೆಂದು ದಿನಬಾಡಿಗೆಗೆ ಕೊಡುವ ಮನೆಗಳನ್ನು ನಾನು ಹೇಳುವುದಿಲ್ಲ. ಒಂದು ಕಟ್ಟಡದ ನಂತರ ಇನ್ನೊಂದು ಕಟ್ಟಡ ಹೀಗೆ ದಿನಬಾಡಿಗೆಗೆ ತಿರುಗಿ, ತಲೆಮಾರುಗಳಿಂದ ಅಲ್ಲಿದ್ದ ಕುಟುಂಬಗಳು ಬಾಡಿಗೆ ಕಟ್ಟಲಾಗದೆ ಊರಾಚೆಗೆ ಹೋಗಬೇಕಾಗಿದೆ. ನಾವು ನೋಡಲು ಹೋಗುವ ಓಣಿಯ ಬದುಕನ್ನೇ ನಾವು ಖಾಲಿ ಮಾಡಿಸುವುದು ನನಗೆ ನಿಜಕ್ಕೂ ನೋವಿನ ಸಂಗತಿ. ನಗರಸಭೆ ಪ್ರತಿ ರಾತ್ರಿಗೆ 4 ಯೂರೊ ಪ್ರವಾಸಿ ತೆರಿಗೆ ವಿಧಿಸುತ್ತದೆ, ಗರಿಷ್ಠ 7 ರಾತ್ರಿಗೆ. ಅದನ್ನು ಖರ್ಚಿನ ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಎಲ್ಲೇ ಇಳಿದರೂ ರಾತ್ರಿ ಹೊತ್ತು ಗಾಲಿ ಪೆಟ್ಟಿಗೆಯನ್ನು ಕಲ್ಲಿನ ಮೆಟ್ಟಿಲುಗಳ ಮೇಲೆ ಎಳೆಯದೆ ಎತ್ತಿಕೊಂಡು ಹೋಗಿ. ಆ ಸದ್ದು ಇಡೀ ಓಣಿಯನ್ನು ಎಬ್ಬಿಸುತ್ತದೆ.

ಪೋರ್ಚುಗೀಸ್ ಬಾರದವರು ಹೇಗೆ ಸಂಭಾಳಿಸುವುದು?

ಚಿಕ್ಕ ವಯಸ್ಸಿನವರಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ. ಆದರೆ ನೇರವಾಗಿ ಇಂಗ್ಲಿಷ್‌ನಲ್ಲಿ ಪ್ರಶ್ನೆಗೆ ಇಳಿಯಬೇಡಿ. ಮೊದಲು ನಮಸ್ಕಾರ, ಆಮೇಲೆ ಕೆಲಸ. ಮಧ್ಯಾಹ್ನದವರೆಗೆ ‘ಬೋಂ ದಿಯ’, ಊಟದ ನಂತರ ‘ಬೋವ ತಾರ್ದ್’, ಕತ್ತಲಾದ ಮೇಲೆ ‘ಬೋವ ನೋಯ್ತ್’. ಕೃತಜ್ಞತೆ ಹೇಳುವವರು ಹೆಂಗಸಾದರೆ ‘ಒಬ್ರಿಗಾದ’, ಗಂಡಸಾದರೆ ‘ಒಬ್ರಿಗಾದು’. ಹಿರಿಯ ಹೆಂಗಸರನ್ನು ಹೆಸರಿಗಿಂತ ಮೊದಲು ‘ದೋನ’ ಸೇರಿಸಿ ಕರೆಯುತ್ತಾರೆ, ನಾವು ಅಮ್ಮ, ಅಕ್ಕ ಸೇರಿಸಿದಷ್ಟೇ ಸಹಜವಾಗಿ. ಸ್ಪ್ಯಾನಿಷ್ ಸ್ವಲ್ಪ ಗೊತ್ತಿದ್ದರೆ ಅದನ್ನು ಇಲ್ಲಿ ಬಳಸಬೇಡಿ. ಅವರಿಗೆ ಅರ್ಥವಾಗುತ್ತದೆ, ಆದರೆ ಹಿತವಾಗುವುದಿಲ್ಲ.

ಜನರ ಪರಿಚಯ ಮಾಡಿಕೊಳ್ಳುವುದು ಹೇಗೆ? ನನಗೆ ತಾನಾಗಿ ಮಾತನಾಡಿಸಿ ಅಭ್ಯಾಸವಿಲ್ಲ.

ಅತಿ ಹೆಚ್ಚು ಬರುವ ಪ್ರಶ್ನೆ ಇದು. ನನ್ನ ಉತ್ತರ ಒಂದೇ: ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ, ದಿನಾ ಹೋಗಿ.

ಲಿಸ್ಬನ್‌ನಲ್ಲಿ ಪ್ರತಿ ಬೀದಿಗೂ ಒಂದು ‘ಪಸ್ತೆಲರಿಯ’ ಇರುತ್ತದೆ. ಗಾಜಿನ ಕಪಾಟಿನಲ್ಲಿ ಮೊಟ್ಟೆ ಹಾಕಿದ ಸಿಹಿಗಳು, ಮುಂದೆ ಉದ್ದನೆಯ ಕಟ್ಟೆ, ಅದರ ಮೇಲೆ ನೀರು ಹೀರದಷ್ಟು ನಯವಾದ, ಕೈ ಒರೆಸುವ ತೆಳು ಕಾಗದಗಳ ಪೆಟ್ಟಿಗೆ, ಸಕ್ಕರೆಯ ಪುಟ್ಟ ಪೊಟ್ಟಣ. ಕಟ್ಟೆಯ ಬಳಿ ನಿಂತು ‘ಬಿಕಾ’ ಎಂದರೆ ಬೆರಳುದ್ದದ ಲೋಟದಲ್ಲಿ ಕಡು ಕಾಫಿ ಬರುತ್ತದೆ, ಸುಮಾರು ಒಂದು ಯೂರೊ. ಡಿಕಾಕ್ಷನ್ನಿನ ರುಚಿ ಗೊತ್ತಿರುವ ನಾಲಿಗೆಗೆ ಅದು ಬಹುಬೇಗ ಒಗ್ಗುತ್ತದೆ. ಮೊದಲ ದಿನ ಯಾರೂ ನಿಮ್ಮನ್ನು ಗಮನಿಸುವುದಿಲ್ಲ. ಮರುದಿನ ಕಟ್ಟೆಯ ಹಿಂದಿನ ಹೆಂಗಸು ತಲೆಯಾಡಿಸುತ್ತಾರೆ. ಇನ್ನೆರಡು ದಿನ ಕಳೆದರೆ ನೀವು ಬಾಗಿಲು ದಾಟುವಷ್ಟರಲ್ಲಿ ತಟ್ಟೆ, ಚಮಚ, ಸಕ್ಕರೆ ಪೊಟ್ಟಣ ಜೋಡಿಸಿ ಇಟ್ಟಿರುತ್ತಾರೆ. ಅಂದಿನಿಂದ ನೀವು ಆ ಅಂಗಡಿಯವರು. ನಾನು ಹೋಗುತ್ತಿದ್ದ ಕಡೆ ಬೆಳಿಗ್ಗೆ ಎಂಟರ ಸುಮಾರಿಗೆ ಬರುವ ನಿವೃತ್ತ ಹಡಗು ಕೆಲಸಗಾರರೊಬ್ಬರಿದ್ದರು. ಪತ್ರಿಕೆಯ ಫುಟ್‌ಬಾಲ್ ಪುಟವನ್ನು ಮೊದಲು ಓದಿ ಮುಗಿಸಿ, ಆಮೇಲೆ ಮಡಚಿ ನನ್ನ ಕಡೆಗೆ ಸರಿಸುತ್ತಿದ್ದರು. ನನಗೆ ಆ ಭಾಷೆ ಓದಲು ಬಾರದೆಂದು ಅವರಿಗೆ ಗೊತ್ತಿತ್ತು. ಓದಲಿ ಎಂದಲ್ಲ, ಪಕ್ಕದಲ್ಲಿ ನಿಂತವರಿಗೆ ಪತ್ರಿಕೆ ದಾಟಿಸುವುದು ಅಲ್ಲಿನ ಮರ್ಯಾದೆ. ನಮ್ಮ ಮಾತುಕತೆ ಬೆರಳ ಲೆಕ್ಕ, ಊರ ಹೆಸರು, ಮಳೆ ಬರುತ್ತದೋ ಇಲ್ಲವೋ ಎಂಬುದರಿಂದ ಶುರುವಾಗಿ, ಅವರು ಕಂಡ ಬಂದರುಗಳವರೆಗೂ ಹೋಯಿತು.

‘ಒಬ್ಬರೇ ಬಂದಿದ್ದೀರಾ?’ ಎಂದು ಕೇಳುತ್ತಾರೆ. ಅದರಲ್ಲಿ ಅನುಮಾನವಿಲ್ಲ, ಕಾಳಜಿಯಿದೆ. ಹೌದು ಎನ್ನಿ. ಊಟಕ್ಕೆ ಎಲ್ಲಿ ಹೋಗಬೇಕು, ಯಾವ ದಾರಿಯಲ್ಲಿ ಏರು ಕಡಿಮೆ, ಎಲ್ಲವನ್ನೂ ಅವರೇ ಹೇಳುತ್ತಾರೆ.

ಇದೇ ರೀತಿ ಇನ್ನೂ ಕೆಲವು ಕಡೆ ನಡೆಯುತ್ತದೆ. ಮಂಗಳವಾರ ಮತ್ತು ಶನಿವಾರ ಸಾಂತ ಕ್ಲಾರ ಬಯಲಿನಲ್ಲಿ ಸೇರುವ ‘ಫೈರ ದ ಲಾದ್ರ’ ಎಂಬ ಹಳೆ ಸಾಮಾನಿನ ಸಂತೆ. ಅಲ್ಲಿ ಒಂದು ಹಳೆಯ ಕೀಲಿಯನ್ನೋ ಹೆಂಚಿನ ಚೂರನ್ನೋ ಕೈಗೆತ್ತಿಕೊಂಡರೆ ಮಾರುವವರು ಅದರ ಕಥೆ ಹೇಳದೆ ಬಿಡುವುದಿಲ್ಲ. ಕೈಸ್ ದು ಸೊದ್ರೆಯಿಂದ ತೇಜು ನದಿ ದಾಟಿ ಕಸೀಲಸ್‌ಗೆ ಹೋಗುವ ದೋಣಿಯಲ್ಲಿ ಸಂಜೆ ಕೆಲಸ ಮುಗಿಸಿ ಮನೆಗೆ ಮರಳುವವರೇ ತುಂಬಿರುತ್ತಾರೆ. ಬಟ್ಟೆ ಒಗೆಯುವ ಸ್ವಸೇವಾ ಅಂಗಡಿಗಳನ್ನೂ ಮರೆಯಬೇಡಿ. ಯಂತ್ರ ತಿರುಗುವ ಅರ್ಧ ಗಂಟೆ ಎಲ್ಲರೂ ಬಿಡುವಾಗಿರುತ್ತಾರೆ, ಮಾತಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಎಲ್ಲೂ ಕಂಡಿಲ್ಲ. ದಿನಕ್ಕೆ ಹತ್ತು ಜಾಗ ಓಡಾಡಿ ಮುಗಿಸುವವರಿಗೆ ಮಾತ್ರ ಈ ಊರು ಬಾಯಿ ಬಿಡುವುದಿಲ್ಲ.

ಅಲ್ಲಿ ನಮ್ಮವರು ಸಿಗುತ್ತಾರೆಯೇ?

ಸಿಗುತ್ತಾರೆ, ಮತ್ತು ಅವರ ಕಥೆಗಳು ಅಮೆರಿಕ, ಬ್ರಿಟನ್‌ನ ಭಾರತೀಯರ ಕಥೆಗಳಿಗಿಂತ ತೀರ ಬೇರೆ.

ಹಳಬರಲ್ಲಿ ಗುಜರಾತಿಗಳು ಬಹಳ. ದಿಯು ಹಾಗೂ ಸೌರಾಷ್ಟ್ರದಿಂದ ಮೊಜಾಂಬಿಕ್‌ಗೆ ವ್ಯಾಪಾರಕ್ಕೆ ಹೋದವರು, 1975ರಲ್ಲಿ ಆ ದೇಶ ಸ್ವತಂತ್ರವಾದ ಮೇಲೆ ಲಿಸ್ಬನ್‌ಗೆ ಬಂದರು. ಲುಮಿಯಾರ್ ಬಡಾವಣೆಯಲ್ಲಿ ಅವರು ಕಟ್ಟಿಸಿದ ರಾಧಾಕೃಷ್ಣ ದೇವಸ್ಥಾನವಿದೆ, ಜೊತೆಗೇ ಸಸ್ಯಾಹಾರಿ ಊಟದ ಮನೆ. ಅಲ್ಲಿ ಬಡಿಸುತ್ತಿದ್ದ ಹಿರಿಯರೊಬ್ಬರು ಗುಜರಾತಿಯಲ್ಲಿ ದೇವರ ಹೆಸರು ಹೇಳಿ, ಪೋರ್ಚುಗೀಸಿನಲ್ಲಿ ಅಡುಗೆಮನೆಗೆ ಕೂಗಿ, ನನಗೆ ಹಿಂದಿಯಲ್ಲಿ ‘ಇನ್ನೊಂದು ರೊಟ್ಟಿ?’ ಎಂದು ಕೇಳಿದರು. ಹುಟ್ಟಿದ ಊರು ಯಾವುದೆಂದಾಗ ಮೊಜಾಂಬಿಕ್‌ನ ಮಾಪುತೊ ಎಂದರು, ಅದನ್ನೂ ಹಳೆಯ ಹೆಸರಿನಲ್ಲೇ, ಲೊರೆನ್ಸು ಮಾರ್ಕಿಶ್ ಎಂದು. ಭಾರತವನ್ನು ಅವರು ನೋಡಿದ್ದು ನಡುವಯಸ್ಸು ದಾಟಿದ ಮೇಲೆ.

ಗೋವಾದವರು ಇನ್ನೂ ಹಿಂದಿನಿಂದಲೇ ಇದ್ದಾರೆ. 2015ರಿಂದ 2024ರವರೆಗೆ ಪೋರ್ಚುಗಲ್‌ನ ಪ್ರಧಾನಿಯಾಗಿದ್ದ ಅಂತೋನಿಯೊ ಕೋಸ್ತ ಅವರ ತಂದೆಯ ಮೂಲ ಗೋವಾ. ಮಂಗಳೂರು, ಕಾರವಾರ ಕಡೆಯ ಕೊಂಕಣಿ ಮಾತನಾಡುವವರಿಗೆ ಲಿಸ್ಬನ್‌ನ ಹಿರಿಯ ಗೋವನ್ನರ ಜೊತೆ ಮಾತಿಗೆ ಬೇರೆ ಭಾಷೆಯೇ ಬೇಡವಾಗಬಹುದು.

ಈಚೆಗೆ ಬಂದವರನ್ನು ಕಾಣಲು ಮಾರ್ತಿಂ ಮೊನಿಜ್ ಚೌಕಕ್ಕೂ ಅದರ ಪಕ್ಕದ ಬೆನ್‌ಫೊರ್ಮೋಜು ಬೀದಿಗೂ ಹೋಗಿ. ಬಾಂಗ್ಲಾದೇಶಿ, ನೇಪಾಳಿ, ಪಂಜಾಬಿ ಅಂಗಡಿಗಳ ಸಾಲು, ಬೆಂಡೆಕಾಯಿ, ಹಸಿಮೆಣಸಿನಕಾಯಿ, ಕರಿಬೇವು ಎಲ್ಲ ಸಿಗುತ್ತವೆ. ಊಟ ತಲುಪಿಸುವ ಹುಡುಗರು ಸೈಕಲ್ ಒರಗಿಸಿ ಚಹಾ ಕುಡಿಯುತ್ತಿರುತ್ತಾರೆ. ಕಾಗದಪತ್ರಕ್ಕಾಗಿ ವರ್ಷಗಟ್ಟಲೆ ಕಾಯುತ್ತಿರುವವರು ಅವರಲ್ಲಿ ಬಹಳ. ನೀವು ಮೂರು ವಾರಕ್ಕೆ ಬಂದು ಹೋಗುವವರು, ಅವರು ತಾಯಿಯ ಮುಖ ನೋಡದೆ ದುಡಿಯುತ್ತಿರುವವರು, ಈ ಅಂತರ ಮನಸ್ಸಿನಲ್ಲಿಟ್ಟುಕೊಂಡು ಮಾತನಾಡಿ. ‘ಎಷ್ಟು ಸಂಬಳ?’ ಎಂದು ಕೇಳುವುದಕ್ಕಿಂತ ‘ಊಟ ಆಯಿತೇ?’ ಎನ್ನುವುದು ಮೇಲು.

ಮೈಬಣ್ಣದ ಕಾರಣಕ್ಕೆ ತೊಂದರೆಯಾಗುತ್ತದೆಯೇ?

ನನಗಾಗಿಲ್ಲ. ಆದರೆ ವಲಸಿಗರ ಮೇಲಿನ ಅಸಹನೆ ಆ ದೇಶದ ರಾಜಕಾರಣದಲ್ಲಿ ಹೆಚ್ಚಿದೆ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. 2024ರ ಡಿಸೆಂಬರ್‌ನಲ್ಲಿ ಪೊಲೀಸರು ಇದೇ ಬೆನ್‌ಫೊರ್ಮೋಜು ಬೀದಿಯಲ್ಲಿ ವಲಸಿಗರನ್ನು ಗೋಡೆಗೆ ಮುಖ ಮಾಡಿಸಿ ಸಾಲಾಗಿ ನಿಲ್ಲಿಸಿದರು. ಆ ಚಿತ್ರ ದೇಶವನ್ನೇ ಕಲಕಿತು. ಮುಂದಿನ ಜನವರಿಯಲ್ಲಿ ಸಾವಿರಾರು ಮಂದಿ, ಅವರಲ್ಲಿ ಬಹಳಷ್ಟು ಪೋರ್ಚುಗೀಸರೇ, ‘ನಮ್ಮನ್ನು ಗೋಡೆಗೆ ಒತ್ತಬೇಡಿ’ ಎಂದು ಮೆರವಣಿಗೆ ಮಾಡಿದರು. ಆ ಊರಿನಲ್ಲಿ ಎರಡೂ ಇದೆ. ಪಾಸ್‌ಪೋರ್ಟ್ ಮತ್ತು ವೀಸಾ ಪುಟದ ಪ್ರತಿ ಸದಾ ಜೊತೆಗಿರಲಿ.

ಸಸ್ಯಾಹಾರಿಗಳು ಉಪವಾಸ ಬೀಳಬೇಕೇ?

ಬೇಡ, ಆದರೆ ಕೇಳಿ ತಿನ್ನಬೇಕು. ‘ಸೆಂ ಕಾರ್ನ್, ಸೆಂ ಪೈಶ್’ ಎಂದರೆ ಮಾಂಸ ಬೇಡ, ಮೀನು ಬೇಡ. ಎರಡನ್ನೂ ಹೇಳಲೇಬೇಕು. ಒಣಗಿಸಿದ ಕಾಡ್ ಮೀನು ಆ ದೇಶದ ಉಸಿರು, ಅದನ್ನು ಮಾಂಸವೆಂದು ಅವರು ಎಣಿಸುವುದಿಲ್ಲ. ‘ಕಾಲ್ದು ವೆರ್ದ್’ ಎಂಬ ಹಸಿರು ಸೊಪ್ಪಿನ ಸಾರಿನಲ್ಲಿ ಹಂದಿಮಾಂಸದ ಬಿಲ್ಲೆ ತೇಲುತ್ತಿರುತ್ತದೆ. ‘ಸೋಪ ದ ಲೆಗೂಮಿಶ್’ ಎಂಬ ತರಕಾರಿ ಸಾರು ಬಹುತೇಕ ಎಲ್ಲ ಕಡೆ ಇರುತ್ತದೆ, ಆದರೂ ಒಮ್ಮೆ ಕೇಳಿ. ಹೆಸರಾಂತ ‘ಪಸ್ತೆಲ್ ದ ನಾತ’ದಲ್ಲಿ ಮೊಟ್ಟೆಯ ಹಳದಿ ಭಾಗವೇ ಮುಖ್ಯ. ಬ್ರೆಡ್, ಗಿಣ್ಣು, ಆಲಿವ್, ಟೊಮೆಟೊ, ಅಂಜೂರ, ಕಿತ್ತಳೆ ಎಲ್ಲವೂ ಸೊಗಸಾಗಿರುತ್ತವೆ. ಊಟಕ್ಕೆ ಕುಳಿತ ಕೂಡಲೇ ಕೇಳದೆಯೇ ತಂದಿಡುವ ಬ್ರೆಡ್, ಆಲಿವ್‌ಗೆ ಹಣವಿದೆ. ಬೇಡದಿದ್ದರೆ ಮುಟ್ಟದೆ ವಾಪಸ್ ಕೊಡಿ, ಯಾರೂ ತಪ್ಪು ತಿಳಿಯುವುದಿಲ್ಲ.

ಹೋಟೆಲಿನಲ್ಲಿ ಒಬ್ಬರೇ ಕುಳಿತು ಊಟ ಮಾಡಲು ಮುಜುಗರ.

ಮಧ್ಯಾಹ್ನ ‘ತಾಸ್ಕ’ಗಳಿಗೆ ಹೋಗಿ. ಕಾಗದ ಹಾಸಿದ ಮೇಜು, ಗೋಡೆಯ ಮೇಲೆ ಕೈಬರಹದ ಊಟದ ಪಟ್ಟಿ, ಕಟ್ಟಡ ಕೆಲಸದವರೂ ಬ್ಯಾಂಕಿನವರೂ ಒಟ್ಟಿಗೆ ಉಣ್ಣುವ ಜಾಗ. ಒಬ್ಬರೇ ಬಂದವರು ಅಲ್ಲಿ ಎಷ್ಟೋ ಮಂದಿ. ಜಾಗವಿಲ್ಲದಿದ್ದರೆ ಯಾರದೋ ಮೇಜಿಗೆ ನಿಮ್ಮನ್ನು ಸೇರಿಸುತ್ತಾರೆ.

ಫಾದೊ ಹಾಡು ಕೇಳಲು ಒಬ್ಬರೇ ಹೋಗಬಹುದೇ?

ಒಬ್ಬರೇ ಹೋಗುವುದೇ ಸರಿ. ಫಾದೊ ಹುಟ್ಟಿದ್ದು ಮೊರಾರಿಯಾ, ಅಲ್ಫಾಮದ ಬಡ ಓಣಿಗಳಲ್ಲಿ. ಅದರ ಮೊದಲ ಹೆಸರಾಂತ ಗಾಯಕಿ ಮರಿಯ ಸೆವೆರ, 1846ರಲ್ಲಿ ಇಪ್ಪತ್ತಾರರ ವಯಸ್ಸಿನಲ್ಲೇ ತೀರಿಕೊಂಡಳು. ಇಪ್ಪತ್ತನೆಯ ಶತಮಾನದಲ್ಲಿ ಅದನ್ನು ಜಗತ್ತಿಗೆ ಕೇಳಿಸಿದವರು ಅಮಾಲಿಯ ರೊದ್ರಿಗಿಶ್. 2011ರಲ್ಲಿ ಯುನೆಸ್ಕೊ ಫಾದೊವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ದುಬಾರಿ ಊಟದ ಜೊತೆ ಹಾಡಿಸುವ ಮನೆಗಳಿವೆ, ಅಲ್ಲಿನ ಗಾಯಕರೂ ಸಮರ್ಥರೇ. ನನ್ನ ಒಲವು ಮಾತ್ರ ‘ಫಾದೊ ವಾದಿಯು’ ಕಡೆಗೆ. ಅಂದರೆ ಬಡಾವಣೆಯವರೇ ಸರದಿಯಂತೆ ಎದ್ದು ಹಾಡುವುದು. ಅಡುಗೆಯಾಕೆ ಏಪ್ರನ್ನಿಗೆ ಕೈ ಒರೆಸಿಕೊಂಡು ಬಂದು, ಹನ್ನೆರಡು ತಂತಿಯ ಪೋರ್ಚುಗೀಸ್ ಗಿಟಾರಿನ ಪಕ್ಕ ನಿಂತು, ಕಣ್ಣು ಮುಚ್ಚಿ ಹಾಡುತ್ತಾಳೆ. ದೀಪ ತಗ್ಗುತ್ತದೆ, ಬಡಿಸುವುದು ನಿಲ್ಲುತ್ತದೆ, ಚಮಚದ ಸದ್ದೂ ಇರಬಾರದು. ಹಾಡಿನ ನಡುವೆ ಮಾತನಾಡಿದವರನ್ನು ಮುದುಕರು ತಿರುಗಿ ನೋಡುವ ನೋಟ ಬಲು ಖಾರ. ಮುಗಿದ ಮೇಲೆ ಮೇಜಿನವರೆಲ್ಲ ಮಾತಿಗೆ ಸಿಗುತ್ತಾರೆ. ನನ್ನ ಪಕ್ಕದಲ್ಲಿದ್ದ ಕೇಪ್ ವರ್ಡಿಯ ದಾದಿಯೊಬ್ಬರು ಪ್ರತಿ ಹಾಡಿನ ಸಾರವನ್ನು ಎರಡೇ ಮಾತಿನಲ್ಲಿ ಕಿವಿಯಲ್ಲಿ ಹೇಳಿದರು: ‘ಗಂಡ ಕಡಲಿಗೆ ಹೋದ’, ‘ಮಗಳು ಬರಲಿಲ್ಲ’, ‘ಮನೆ ಮಾರಿದರು’. ಅಷ್ಟು ಸಾಕಾಗಿತ್ತು.

ಹಳೆಯ ಬಡಾವಣೆಗಳನ್ನು ಸುತ್ತುವ 28ನೇ ಟ್ರಾಮ್ ಹತ್ತಲೇಬೇಕೇ?

ಹತ್ತುವುದಾದರೆ ಬೆಳಿಗ್ಗೆ ಬೇಗ, ಕಾಂಪು ದ ಒರಿಕ್ ತುದಿಯಿಂದ ಹತ್ತಿ. ಹಗಲಿನಲ್ಲಿ ಅದು ಕಿಸೆಗಳ್ಳರ ಟ್ರಾಮ್. ಚೀಲ ಎದೆಯ ಮೇಲಿರಲಿ, ಮೊಬೈಲ್ ಒಳಗಿರಲಿ. ಬಡಾವಣೆಯ ವೃದ್ಧರಿಗೆ ಅದೇ ದಿನನಿತ್ಯದ ವಾಹನ, ಅವರಿಗೆ ಸೀಟು ಬಿಟ್ಟುಕೊಡಿ.

ಗ್ಲೋರಿಯ ಎಂಬ ಹಳೆಯ ಇಳಿಜಾರು ರೈಲು 2025ರ ಸೆಪ್ಟೆಂಬರ್ 3ರಂದು ಅಪಘಾತಕ್ಕೀಡಾಗಿ 16 ಮಂದಿ ತೀರಿಕೊಂಡರು. ಸತ್ತವರಲ್ಲಿ ಊರಿನವರೂ ಇದ್ದರು, ದೂರದೇಶದ ಪ್ರವಾಸಿಗರೂ ಇದ್ದರು. ಅದರ ನಂತರ ಅಂತಹ ಇಳಿಜಾರು ರೈಲುಗಳನ್ನು ನಿಲ್ಲಿಸಲಾಯಿತು, ಯಾವುದು ಓಡುತ್ತಿದೆ ಎಂದು ಅಲ್ಲಿಯೇ ವಿಚಾರಿಸಿ.

ಹೆಣ್ಣುಮಕ್ಕಳು ಒಬ್ಬರೇ ಓಡಾಡುವುದು ಕ್ಷೇಮವೇ?

ದೊಡ್ಡ ಊರುಗಳ ಪೈಕಿ ಇದು ನಿರಾಳ. ರಾತ್ರಿ ಹತ್ತರ ಮೇಲೂ ಚೌಕಗಳಲ್ಲಿ ಕುಟುಂಬಗಳು ಕುಳಿತಿರುತ್ತವೆ. ಬೈರು ಆಲ್ತು, ಕೈಸ್ ದು ಸೊದ್ರೆ ಕಡೆ ನಡುರಾತ್ರಿಯ ಮೇಲೆ ಕುಡಿದವರ ಗಲಾಟೆ ಹೆಚ್ಚು, ಆಗ ಟ್ಯಾಕ್ಸಿ ಹಿಡಿಯಿರಿ. ಬೈಶದ ಬೀದಿಗಳಲ್ಲಿ ಕೆಲವರು ಪಕ್ಕಕ್ಕೆ ಬಂದು ಮಾದಕ ವಸ್ತು ಬೇಕೇ ಎಂದು ಪಿಸುಗುಟ್ಟುತ್ತಾರೆ. ನಿಲ್ಲದೆ, ಉತ್ತರಿಸದೆ ಮುಂದೆ ನಡೆಯಿರಿ, ಹಿಂಬಾಲಿಸುವುದಿಲ್ಲ. ಯಾವ ತುರ್ತಿಗೂ 112. ಕಳ್ಳತನವಾದರೆ ರೆಸ್ತೌರಾದೊರಿಶ್ ಚೌಕದಲ್ಲಿ ಪ್ರವಾಸಿಗರಿಗೆಂದೇ ಪೊಲೀಸ್ ಠಾಣೆ ಇದೆ, ವಿಮೆಗೆ ಬೇಕಾದ ದೂರಿನ ಪ್ರತಿ ಅಲ್ಲಿ ಕೊಡುತ್ತಾರೆ.

ಹಿರಿಯರು ಗೋವಾದ ಮಾತು ತೆಗೆದರೆ ಏನು ಹೇಳಬೇಕು?

ತೆಗೆದೇ ತೆಗೆಯುತ್ತಾರೆ. ಭಾರತವೆಂದ ಕೂಡಲೇ ಅವರ ಬಾಯಲ್ಲಿ ಬರುವ ಮೊದಲ ಹೆಸರು ಗೋವಾ. 1961ರ ಡಿಸೆಂಬರ್‌ನಲ್ಲಿ ಭಾರತದ ಸೇನೆ ಗೋವಾವನ್ನು ಬಿಡಿಸಿಕೊಂಡಾಗ ಮೂರು ಸಾವಿರಕ್ಕೂ ಹೆಚ್ಚು ಪೋರ್ಚುಗೀಸ್ ಸೈನಿಕರು ಸೆರೆಸಿಕ್ಕಿದರು, ಮರುವರ್ಷ ಊರಿಗೆ ಮರಳಿದರು. ಅದೇ 1961ರಲ್ಲಿ, ಪೋರ್ಚುಗಲ್‌ನ ವಸಾಹತಾಗಿದ್ದ ಅಂಗೋಲದಲ್ಲಿ ಸ್ವಾತಂತ್ರ್ಯಕ್ಕಾಗಿ ಯುದ್ಧ ಶುರುವಾಯಿತು, ಆಮೇಲೆ ಗಿನಿ ಬಿಸಾವು, ಮೊಜಾಂಬಿಕ್. ಈಗ ಎಂಬತ್ತರ ಆಸುಪಾಸಿನಲ್ಲಿರುವ ಬಹುಪಾಲು ಗಂಡಸರು ಇಪ್ಪತ್ತರ ವಯಸ್ಸಿನಲ್ಲಿ ಆ ಯುದ್ಧಗಳಿಗೆ ಹೋಗಬೇಕಾದವರು. 1974ರ ಕ್ರಾಂತಿ ಆಗಿದ್ದೇ ಆ ಯುದ್ಧಗಳಿಂದ ಸೋತು ಸುಣ್ಣವಾದ ಸೈನಿಕರಿಂದ. ಹೊಸ ಸರ್ಕಾರ ಅದೇ ವರ್ಷದ ಕೊನೆಗೆ ಗೋವಾ ಭಾರತದ್ದೆಂದು ಒಪ್ಪಿಕೊಂಡಿತು.

ಹಾಗಾಗಿ ಗೆದ್ದವರ ದನಿಯಲ್ಲಿ ಮಾತನಾಡಬೇಡಿ, ಇತಿಹಾಸವನ್ನು ಬಿಟ್ಟುಕೊಡಲೂ ಬೇಡಿ. ‘ಗೋವಾದವರು ಚೆನ್ನಾಗಿದ್ದಾರೆ, ಅಲ್ಲಿ ನಿಮ್ಮ ಹಾಡು ಇನ್ನೂ ಹಾಡುವವರಿದ್ದಾರೆ’ ಎಂದು ನಾನು ಹೇಳುತ್ತಿದ್ದೆ. ಅದು ನಿಜವೂ ಹೌದು.

ಕರ್ನಾಟಕಕ್ಕೂ ಈ ಊರಿಗೂ ಏನಾದರೂ ನಂಟಿದೆಯೇ?

ಬಹಳ. ಲಿಸ್ಬನ್‌ನ ಬೆಲೆಂ ಬಡಾವಣೆಯಲ್ಲಿ ವಾಸ್ಕೊ ಡ ಗಾಮನ ಸಮಾಧಿ ಇರುವ ಜೆರೋನಿಮುಸ್ ಮಠದ ಕಟ್ಟಡಕ್ಕೆ ಹಣ ಬಂದದ್ದು ಪೂರ್ವದ ವ್ಯಾಪಾರದ ಮೇಲಿನ ಶೇ 5ರ ತೆರಿಗೆಯಿಂದ, ಅದಕ್ಕೆ ಕರಿಮೆಣಸಿನ ತೆರಿಗೆ ಎಂದೇ ಹೆಸರು. ಮಠ ಮೇಲೇಳುತ್ತಿದ್ದ ಆ ಶತಮಾನದಲ್ಲಿ ಗೇರುಸೊಪ್ಪೆಯಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರಿಮೆಣಸಿನ ರಾಣಿ ಎಂದು ಕರೆದರು. ಉಳ್ಳಾಲದ ಅಬ್ಬಕ್ಕ ಅವರ ವಿರುದ್ಧ ಕಾದಾಡಿದಳು. ಆ ಬಿಳಿಕಲ್ಲಿನ ಕಂಬಗಳ ನಡುವೆ ನಿಂತಾಗ ನಮ್ಮ ಕರಾವಳಿಯ ಮತ್ತು ಮಲಬಾರಿನ ಬೆಳೆಗಾರರನ್ನು ನೆನೆಯದೆ ಇರಲು ನನಗೆ ಸಾಧ್ಯವಾಗಲಿಲ್ಲ. ಅಲ್ಲಿನ ಕಾವಲುಗಾರರೊಬ್ಬರಿಗೆ ಇದನ್ನು ಹೇಳಿದಾಗ, ರಾಣಿಯ ಹೆಸರನ್ನು ಎರಡು ಸಲ ಹೇಳಿಸಿ ಚೀಟಿಯಲ್ಲಿ ಬರೆದುಕೊಂಡರು.

ಇನ್ನೊಂದು ನಂಟು ಭಕ್ತಿಯದು. ಪಡುವಾದ ಸಂತ ಎಂದು ಹೆಸರಾದ ಅಂತೋನಿ ಹುಟ್ಟಿದ್ದು ಲಿಸ್ಬನ್‌ನಲ್ಲಿ, ಪ್ರಧಾನ ಚರ್ಚಿನ ಎದುರಿಗೇ ಆತನ ಪುಟ್ಟ ಚರ್ಚಿದೆ. ಮೈಸೂರು ಜಿಲ್ಲೆಯ ಕೃಷ್ಣರಾಜನಗರದ ಹತ್ತಿರದ ದೋರನಹಳ್ಳಿಯಲ್ಲಿ ಜೂನ್ 13ಕ್ಕೆ ಎಲ್ಲ ಜಾತಿ ಮತದವರೂ ಸೇರುವ ಜಾತ್ರೆ ಇದೇ ಸಂತನದು. ಆ ಜಾತ್ರೆಯ ಚಿತ್ರ ಮೊಬೈಲಿನಲ್ಲಿದ್ದರೆ ಲಿಸ್ಬನ್‌ನ ಅಜ್ಜಿಯರಿಗೆ ತೋರಿಸಿ. ಅವರು ಅಕ್ಕಪಕ್ಕದ ಮನೆಯವರನ್ನೂ ಕೂಗಿ ಕರೆಯುತ್ತಾರೆ.

ಒಂಟಿತನ ಕಾಡಿದರೆ?

ಕಾಡುತ್ತದೆ, ಹೆಚ್ಚಾಗಿ ಭಾನುವಾರ ಮಧ್ಯಾಹ್ನ, ಅಂಗಡಿಗಳು ಮುಚ್ಚಿ ಎಲ್ಲರೂ ಅವರವರ ಮನೆಯಲ್ಲಿ ಉಣ್ಣುವಾಗ. ಆಗ ಗುಲ್ಬೆಂಕಿಯನ್ ಉದ್ಯಾನಕ್ಕೆ ಹೋಗಿ. ಯುದ್ಧದ ನಡುವೆ 1942ರಲ್ಲಿ ಇಲ್ಲಿಗೆ ಬಂದು, 1955ರಲ್ಲಿ ತೀರಿಕೊಳ್ಳುವವರೆಗೆ ಇಲ್ಲಿಯೇ ಉಳಿದ ಅರ್ಮೇನಿಯನ್ ಮೂಲದ ಶ್ರೀಮಂತ ಗುಲ್ಬೆಂಕಿಯನ್‌ರ ಸಂಸ್ಥೆಯದು ಅದು. ಕೊಳ, ಬಾತುಕೋಳಿ, ನೆರಳು, ಪುಸ್ತಕ ಹಿಡಿದು ಒಬ್ಬರೇ ಕುಳಿತ ಎಷ್ಟೋ ಜನ. ಮನೆಗೆ ಫೋನ್ ಮಾಡುವುದಾದರೆ ಭಾರತ ಬೇಸಿಗೆಯಲ್ಲಿ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ ಗಂಟೆ ಮುಂದಿರುತ್ತದೆ, ಸಂಜೆಯವರೆಗೆ ಕಾಯಬೇಡಿ.

ಜನರ ಫೋಟೊ ತೆಗೆಯಬಹುದೇ?

ಕೇಳಿ ತೆಗೆಯಿರಿ. ಕಿಟಕಿಯಲ್ಲಿ ಕುಳಿತ ಮುದುಕಿಯರು ಆ ಊರಿನ ಅಲಂಕಾರವಲ್ಲ, ಅದು ಅವರ ಮನೆ. ಮೊರಾರಿಯಾದ ‘ಬೇಕು ದಸ್ ಫರೀನ್ಯಸ್’ ಓಣಿಯಲ್ಲಿ ಅಲ್ಲಿಯೇ ಬಾಳಿದ ಹಿರಿಯರ ಚಿತ್ರಗಳನ್ನು ಅವರವರ ಗೋಡೆಗಳ ಮೇಲೇ ಮುದ್ರಿಸಿದ್ದಾರೆ. ಅದನ್ನು ಮೊದಲು ನೋಡಿ ಬನ್ನಿ, ಆಮೇಲೆ ಕ್ಯಾಮೆರಾ ತೆಗೆಯಿರಿ. ತೆಗೆದ ಚಿತ್ರದ ಪ್ರತಿಯನ್ನು ಮಾಡಿಸಿ ಮರುದಿನ ತಂದುಕೊಟ್ಟರೆ ಆ ಮನೆಯ ಬಾಗಿಲು ನಿಮಗೆ ತೆರೆಯುತ್ತದೆ.

ಪರಿಚಯವಾದವರಿಗೆ ಕೊಡಲು ಊರಿನಿಂದ ಏನು ಒಯ್ಯಬೇಕು?

ಹಾಲು, ಮಾಂಸದ ಪದಾರ್ಥಗಳನ್ನು ಯುರೋಪಿನ ಒಕ್ಕೂಟದೊಳಗೆ ಚೀಲದಲ್ಲಿ ಒಯ್ಯುವಂತಿಲ್ಲ. ಪೇಡ, ಕುಂದಾ ಮನೆಯಲ್ಲೇ ಇರಲಿ. ಚಿಕ್ಕಮಗಳೂರಿನ ಕಾಫಿಪುಡಿ, ಶ್ರೀಗಂಧದ ಸಾಬೂನು, ಚನ್ನಪಟ್ಟಣದ ಬಣ್ಣದ ಬುಗುರಿ ಒಯ್ಯಿರಿ. ಕಾಫಿಪುಡಿಯನ್ನು ಕಟ್ಟೆಯ ಹಿಂದಿನ ಹೆಂಗಸಿಗೆ ಕೊಡುವುದಾದರೆ ಚಿಕೋರಿ ಬೆರೆಸದ್ದನ್ನೇ ಕೊಡಿ, ಜೊತೆಗೆ ಒಂದು ಸಣ್ಣ ಸ್ಟೀಲ್ ಫಿಲ್ಟರನ್ನೂ. ಅದನ್ನು ಹೇಗೆ ಬಳಸಬೇಕೆಂದು ನೀವೇ ಕಟ್ಟೆಯ ಆಚೆ ಹೋಗಿ ತೋರಿಸಬೇಕಾಗುತ್ತದೆ, ಸಮಯ ಇಟ್ಟುಕೊಂಡು ಹೋಗಿ.